ಕಲ್ಲುಹೂವಿನ ಪಟ್ಟಿಯಲ್ಲೊಂದು ‘ಅಂತೆ’

ನಮ್ಮ ವಿಮಲಾ ಕಲ್ಲುಹೂವಿನ ಪಟ್ಟಿ ಮಾಡುತ್ತೇನೆಂದು ಹೇಳಿದಾಗ ನಾನು ಕೇಳಿದ ಮೊದಲ ಮಾತು ಈಗಲೂ ನೆನಪಿದೆ.

“ಮಸಾಲೆಗೆ ಅಂಗಡೀಲಿ ಸಿಗೋದು ಒಂದೇ ಥರ ತಾನೇ? ಅದಕ್ಕೆಂಥಾ ಪಟ್ಟಿಯೇ?”

ಅವಳು ನಗಲಿಲ್ಲ. ನನ್ನ ಕೈಯಲ್ಲಿದ್ದ ಸೌಟನ್ನು ತೆಗೆದಿಟ್ಟು ಹಿತ್ತಿಲಿಗೆ ಕರೆದುಕೊಂಡು ಹೋದಳು. ಜಯನಗರದ ನಾಲ್ಕನೇ ಬ್ಲಾಕಿನಲ್ಲಿ ನಾವು ಮನೆ ಕಟ್ಟಿ ಆಗ ಎರಡು ವರ್ಷವಾಗಿತ್ತು. ಬಾವಿ ಮಾತ್ರ ಹಳೆಯದು, ಇಲ್ಲಿ ತೋಟವಿದ್ದ ಕಾಲದ್ದು. ಅದರ ಕಟ್ಟೆಯ ಕಲ್ಲಿನ ಮೇಲೆ ವಿಮಲಾ ಬೆರಳಿಟ್ಟು ತೋರಿಸುತ್ತ ಹೋದಳು. ಸುಣ್ಣ ಸಿಡಿದ ಹಾಗೆ ಬಿಳಿಯ ಮಚ್ಚೆ, ಅರಿಸಿನ ಉದುರಿದ ಹಾಗೆ ಹಳದಿ ಪುಡಿ, ಅಂಚು ಸುರುಟಿಕೊಂಡ ಬೂದಿ ಬಣ್ಣದ ಎಲೆ. ದಿನಕ್ಕೆ ಹತ್ತು ಸಲ ನಾನು ಬಿಂದಿಗೆ ಇಳಿಸುವ ಜಾಗದಲ್ಲಿ ಏಳು ಜಾತಿ. ಅವನ್ನೆಲ್ಲ ನಾನು ಕೊಳೆಯೆಂದುಕೊಂಡು ಹಬ್ಬಕ್ಕೊಮ್ಮೆ ತೆಂಗಿನ ನಾರು ಹಾಕಿ ಉಜ್ಜುತ್ತಿದ್ದೆ.

“ಇನ್ಮೇಲೆ ಉಜ್ಜಬೇಡಮ್ಮ,” ಎಂದಳು. ಅಷ್ಟೇ.

ವಿಮಲಾ ಆಗ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಯೋಗಗಳನ್ನು ಹೇಳಿಕೊಡುತ್ತಿದ್ದಳು. ಇಪ್ಪತ್ತನಾಲ್ಕು ವರ್ಷ. ಊರಿನ ದಕ್ಷಿಣ ದಿಕ್ಕಿಗೆ ಮರ, ಬಂಡೆ, ಗೋಡೆಗಳ ಮೇಲೆ ಯಾವ ಯಾವ ಕಲ್ಲುಹೂವು ಇದೆಯೆಂದು ಯಾರೂ ಬರೆದಿಟ್ಟಿಲ್ಲ. ತಾನು ಬರೆಯುತ್ತೇನೆ ಎಂದು ಹೊರಟಿದ್ದಳು. ಅವಳಿಗೆ ಯಾರೂ ಹೇಳಿರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ. ಭಾನುವಾರ ಬಂದರೆ ಒಂದು ಉಳಿ, ಒಂದು ಭೂತಗನ್ನಡಿ, ಹಳೆಯ ಉತ್ತರಪತ್ರಿಕೆಗಳ ಒಂದು ಕಟ್ಟು. ಆ ಹಾಳೆಗಳನ್ನು ಮಡಿಸಿ ಪೊಟ್ಟಣ ಕಟ್ಟಿ, ಮೇಲೆ ಪೆನ್ಸಿಲಿನಲ್ಲಿ ಬರೀ ನಂಬರು ಹಾಕುತ್ತಿದ್ದಳು. ಮಿಕ್ಕದ್ದೆಲ್ಲ ನೋಟ್‌ಬುಕ್ಕಿನಲ್ಲಿ: ಎಲ್ಲಿ, ಯಾವ ದಿನ, ಕಲ್ಲೋ ಮರವೋ, ಬಿಸಿಲೋ ನೆರಳೋ.

ಸಂಜೆ ನಾನು ಅಕ್ಕಿ ಆರಿಸುವಾಗ ಎದುರಿಗೆ ಕೂತು ಕಥೆ ಹೇಳುತ್ತಿದ್ದಳು. ನನಗೆ ರಾಜರ ಕಥೆಗಿಂತ ಅದೇ ರುಚಿಸಿತು. ಸ್ವೀಡನ್ ದೇಶದಲ್ಲಿ ಒಬ್ಬ ಊರ ಡಾಕ್ಟರು ರೋಗಿಗಳನ್ನು ನೋಡಿ ಉಳಿದ ಹೊತ್ತಿನಲ್ಲಿ ಕೂತು ಇವನ್ನೆಲ್ಲ ಮೊದಲ ಬಾರಿಗೆ ಬೇರೆ ಬೇರೆ ಮಾಡಿ ಹೆಸರಿಟ್ಟರಂತೆ. ಅಲ್ಲಿಯವರೆಗೆ ಎಲ್ಲ ಪಾಚಿಯ ಲೆಕ್ಕವೇ. ಆಮೇಲೆ ಸ್ವಿಟ್ಜರ್ಲೆಂಡಿನ ಒಬ್ಬರು, ಇದು ಒಂದು ಗಿಡವೇ ಅಲ್ಲ, ಅಣಬೆಯ ಜಾತಿಯದೊಂದು, ಪಾಚಿಯ ಜಾತಿಯದೊಂದು ಸೇರಿ ಮಾಡಿದ ಸಂಸಾರ ಎಂದರು. ದೊಡ್ಡ ದೊಡ್ಡವರು ನಕ್ಕುಬಿಟ್ಟರು.

“ಅಡುಗೆ ಮಾಡೋರು ಯಾರು, ಅಣಬೇನೋ ಪಾಚೀನೋ?” ಎಂದು ಕೇಳಿದೆ.

“ಪಾಚಿ. ಬಿಸಿಲಿನಲ್ಲಿ ಅನ್ನ ಮಾಡೋದು ಅದೇ. ಅಣಬೆ ಮನೆ ಕಟ್ಟಿ ನೆರಳು ನೀರು ನೋಡ್ಕೊಳತ್ತೆ.”

“ಪಟ್ಟೀಲಿ ಹೆಸರು ಯಾರದ್ದು ಹಾಕ್ತೀಯ?”

“ಅಣಬೇದು. ಹಾಗೇ ನಿಯಮ ಮಾಡಿದಾರೆ.”

“ಸರಿ ಬಿಡು. ಅಲ್ಲೂ ಹೀಗೇನಾ?”

ಒಳಗೆ ಪುಸ್ತಕ ಓದುತ್ತಿದ್ದ ನಮ್ಮ ಯಜಮಾನರು ಕೆಮ್ಮಿದರು. ಅವರು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟರು.

ನಮ್ಮ ನಾಡಿನ ಕಲ್ಲುಹೂವಿನ ಸುದ್ದಿಯೂ ಬರುತ್ತಿತ್ತು. ಇಂಗ್ಲಿಷ್ ದೊರೆಗಳ ಕಾಲದಲ್ಲಿ ನೀಲಗಿರಿ ಕಡೆಯಿಂದ ಯಾರ್ಯಾರೋ ಕೆರೆದು ಪೆಟ್ಟಿಗೆ ತುಂಬಿ ಹಡಗಿನಲ್ಲಿ ವಿಲಾಯಿತಿಗೆ ಕಳಿಸಿದರು. ನಮ್ಮ ಬಂಡೆಯ ಮುಖ ನೋಡದವರು ಅಲ್ಲಿ ಕೂತು ಹೆಸರಿಟ್ಟರು. ಕೆಲವಕ್ಕೆ ಊರ ಹೆಸರೇ ಇಲ್ಲ. ‘ಹಿಂದೂಸ್ಥಾನ’ ಎಂದಷ್ಟೇ ಚೀಟಿ.

“ಆ ವಿಳಾಸಕ್ಕೆ ಕಾಗದ ಹಾಕಿದ್ರೆ ಪೋಸ್ಟ್‌ಮ್ಯಾನ್ ಏನು ಮಾಡ್ಬೇಕೇ?” ಎಂದೆ.

“ಅದಕ್ಕೇ ಅಮ್ಮ ನಾನು ಬರೆಯೋದು,” ಎಂದು ಅವಳು ಖುಷಿಯಿಂದ ನನ್ನ ಮೊರದಿಂದ ಎರಡು ಕಾಳು ಅಕ್ಕಿ ಬಾಯಿಗೆ ಹಾಕಿಕೊಂಡಳು. “ಕಣ್ಣಲ್ಲಿ ಕಂಡಿದ್ದು ಮಾತ್ರ. ನನ್ನ ಪುಸ್ತಕದಲ್ಲಿ ‘ಅಂತೆ’ ಅನ್ನೋದು ಬರಬಾರದು.”

ಐವತ್ತೆಂಟನೇ ಇಸವಿಯ ಆಷಾಢದಲ್ಲಿ ನಾನೂ ಅವಳ ಜೊತೆ ಒಂದು ಭಾನುವಾರ ಹೋದೆ. ನಮ್ಮ ಮನೆಗೆ ಬೆಣ್ಣೆ ತರುವ ಬೈರಮ್ಮ ಬನಶಂಕರಿ ಗುಡಿಯ ಆಚೆ ಹಳ್ಳಿಯವಳು. ಅವಳ ಹೊಲದ ಪಕ್ಕ ಎಮ್ಮೆಬಂಡೆ ಎಂದೊಂದು ಇತ್ತು. ನೀರಿನಲ್ಲಿ ಮಲಗಿದ ಎಮ್ಮೆಯದೇ ಆಕಾರ. ವಿಮಲಾ ಸೀರೆ ಎತ್ತಿ ಕಟ್ಟಿ ಏರಿದಳು. ನಾನು ಕೆಳಗೆ ಕೊಡೆ, ಅವಲಕ್ಕಿ ಡಬ್ಬಿ ಹಿಡಿದು ನಿಂತಿದ್ದೆ.

“ನಮ್ ತಾತನ ಕಾಲದಾಗೂ ಬಂಡೆ ಮೈಮ್ಯಾಲೆ ಈ ಅಚ್ಚೆ ಇಂಗೇ ಇತ್ತಂತೆ ಕಣವ್ವ,” ಎಂದು ಬೈರಮ್ಮ ಬಂಡೆಯ ಪಕ್ಕೆಯಲ್ಲಿ ತಟ್ಟೆಯಗಲ ಹರಡಿದ್ದ ಬೂದಿ ಬಣ್ಣದ ಒಂದನ್ನು ತೋರಿಸಿದಳು. “ಬರ್ಕೊ.”

“ಇತ್ತಂತೆ ಅಂತ ಬರೆಯೋಕಾಗಲ್ಲ ಬೈರಮ್ಮ.”

“ಯಾಕೆ? ನಮ್ ತಾತ ಸುಳ್ಳ್ ಏಳ್ತಾನಾ?”

ವಿಮಲಾ ಅದರ ಅಂಚಿನಿಂದ ಅಂಗೈಯಗಲ ಎಬ್ಬಿಸಿದಳು. ಕಲ್ಲಿನ ಪುಡಿಯೂ ಅಂಟಿಕೊಂಡು ಬಂತು. ಮಂಡಿ ತರಚಿ ರಕ್ತ ಬಂದಿತ್ತು, ಅವಳಿಗೆ ಗೊತ್ತೇ ಆಗಿರಲಿಲ್ಲ. ಅದು ಇಪ್ಪತ್ತೇಳನೇ ಪೊಟ್ಟಣ.

ಆ ವಾರವೆಲ್ಲ ಜಿಟಿಜಿಟಿ ಮಳೆ. ಪೊಟ್ಟಣಗಳು ಥಂಡಿ ಹಿಡಿಯುತ್ತವೆಂದು ನಾನೇ ಹೇಳಿದೆ, ಒಲೆಯ ಪಕ್ಕದ ಗೂಡಿನಲ್ಲಿಡು, ಬೆಚ್ಚಗಿರುತ್ತೆ ಎಂದು. ನಾನೇ ಹೇಳಿದೆ, ನಾನೇ ಮರೆತೆ. ಗುರುವಾರ ಯಜಮಾನರು ಗಾಂಧಿಬಜಾರಿನಿಂದ ವಾಂಗಿಭಾತ್ ಪುಡಿಗೆ ಸಾಮಾನು ತಂದರು. ಅಂಗಡಿಯವನು ಕಟ್ಟುವುದೂ ಉತ್ತರಪತ್ರಿಕೆಯ ಹಾಳೆಯಲ್ಲೇ, ಆ ಪೊಟ್ಟಣಗಳನ್ನು ನಾನಿಡುವುದೂ ಅದೇ ಗೂಡಿನಲ್ಲೇ. ಕಡಲೆಬೇಳೆ ಹುರಿದೆ, ಕೊತ್ತಂಬರಿ ಹುರಿದೆ, ಚಕ್ಕೆ ಮೊಗ್ಗು ಹುರಿದೆ, ಗೂಡಿಗೆ ಕೈ ಹಾಕಿ ಕಲ್ಲುಹೂವಿನ ಪೊಟ್ಟಣ ಬಿಚ್ಚಿ ಬಾಣಲೆಗೆ ಸುರಿದೆ. ಎಲ್ಲ ಕುಟ್ಟಿ ಜರಡಿ ಹಿಡಿದು ಡಬ್ಬಕ್ಕೆ ತುಂಬಿದೆ. ಕಾಗದಗಳನ್ನು ಬಿಸಾಡುವ ಅಭ್ಯಾಸ ನನಗಿಲ್ಲ. ಒಂದೊಂದೇ ಸವರಿ ಮಡಿಸುತ್ತಿದ್ದಾಗ ಒಂದರ ಮೂಲೆಯಲ್ಲಿ ಪೆನ್ಸಿಲಿನ 27 ಕಾಣಿಸಿತು.

ಅಂಗಡಿಯ ಕಲ್ಲುಹೂವು ಚೀಲದಲ್ಲೇ ಉಳಿದಿತ್ತು. ಬಿಚ್ಚಿ ನೋಡಿದೆ. ಅದೇ ಬೂದಿ ಬಣ್ಣ, ಕೆಳಗೆ ಅದೇ ಕಪ್ಪು, ಅದೇ ಸುರುಳಿ. ಪಕ್ಕದ ಮನೆಯಿಂದ ಒಂದು ಲೋಟ ಸಕ್ಕರೆ ತಂದರೆ ಅದೇ ಸಕ್ಕರೆಯನ್ನೇ ಯಾರೂ ವಾಪಸು ಕೇಳುವುದಿಲ್ಲ. ಇನ್ನೊಂದು ಲೋಟ ಕೊಟ್ಟರಾಯಿತು. ತರಚಿದ ಅವಳ ಮಂಡಿಯನ್ನು ನೆನೆದು, ಅಳಿಸುವುದು ಬೇಡವೆಂದು, ಅಂಗಡಿಯದರಲ್ಲಿ ಒಳ್ಳೆಯ ಎಲೆಯೊಂದನ್ನು ಆರಿಸಿ 27ರ ಕಾಗದದಲ್ಲಿ ಮಡಿಸಿ ಗೂಡಿನಲ್ಲಿಟ್ಟೆ.

ಶನಿವಾರ ಊಟಕ್ಕೆ ಕೂತಾಗ ಯಜಮಾನರು ಬಾಯಿಂದ ಏನೋ ತೆಗೆದು ಎಲೆಯ ತುದಿಗಿಟ್ಟರು. “ವಾಂಗಿಭಾತ್‌ನಲ್ಲಿ ಕಲ್ಲು ಸಿಕ್ತಲ್ಲೇ.” ನಾನು ತುಪ್ಪ ಬಡಿಸಿದೆ.

ಮುಂದಿನ ವಾರ ವಿಮಲಾ ಅಡುಗೆಮನೆಯ ಕಿಟಕಿಯ ಬೆಳಕಿನಲ್ಲಿ ಪರೀಕ್ಷೆಗೆ ಕೂತಳು. ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರನ್ನೇ ನೀರಿನಲ್ಲಿ ಕಲಸಿ, ಕಣ್ಣಿಗೆ ಹಾಕುವ ಔಷಧಿಯ ಸೀಸೆಯಲ್ಲಿ ತುಂಬಿಕೊಂಡಿದ್ದಳು. ಎಲೆಯ ಮೇಲ್ಸಿಪ್ಪೆಯನ್ನು ಬ್ಲೇಡಿನಿಂದ ಒಂದಿಷ್ಟು ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ. ಅಲ್ಲಿ ಒಂದು ಹನಿ ಬಿಟ್ಟರೆ ಕೆಲವು ಕೆಂಪಗಾಗುತ್ತವೆ, ಕೆಲವು ಆಗುವುದಿಲ್ಲ. ಕಣ್ಣಿಗೆ ಅವಳಿ ಮಕ್ಕಳಂತೆ ಕಾಣುವವು ಹೀಗೆ ಬೇರೆ ಬೇರೆಯೆಂದು ಗೊತ್ತಾಗುತ್ತವೆ. ಈ ಉಪಾಯ ಕಂಡುಹಿಡಿದವನು ಪ್ಯಾರಿಸ್ಸಿನಲ್ಲಿದ್ದ ಒಬ್ಬ ಫಿನ್ಲೆಂಡಿನವನು.

“ಅಣಬೆ ಪಾಚಿ ಸಂಸಾರ ಅಂದಾಗ ಎಲ್ಲರಿಗಿಂತ ಜೋರಾಗಿ ಹೀಯಾಳಿಸಿದವನೂ ಇವನೇ ಅಮ್ಮ. ಸಾಯೋವರೆಗೂ ಒಪ್ಪಲಿಲ್ಲ. ಇದರಲ್ಲಿ ಸರಿ, ಅದರಲ್ಲಿ ತಪ್ಪು.”

“ಪಾಪ.”

“ಬಂಡೆ ಮೇಲಿನ ಈ ಥರದ್ದು ಇಲ್ಲಿವರೆಗೆ ನೋಡಿದ್ದೆಲ್ಲ ಕೆಂಪಾಗಿದೆ. ನೋಡು, ಇದೂ ಆಗತ್ತೆ.” 27ನ್ನು ಬಿಚ್ಚಿ ಹನಿ ಬಿಟ್ಟಳು. ಬೆಳ್ಳಗೇ ಇತ್ತು. ಇನ್ನೊಂದು ಕಡೆ ಕೆರೆದು ಬಿಟ್ಟಳು. ಅಲ್ಲೂ ಬೆಳ್ಳಗೇ. ಅವಳ ಮುಖ ಅರಳಿತು. “ಅಮ್ಮ, ಇದು ಬೇರೆ.”

ಆಗಲೇ ಹೇಳಬೇಕಿತ್ತು. ಆ ಮುಖ ನೋಡಿಕೊಂಡು ಹೇಗೆ ಹೇಳಲಿ? ಒಲೆಯ ಮೇಲೆ ಹಾಲು ಉಕ್ಕಿತು. ಅದನ್ನು ಇಳಿಸುವ ನೆಪ ಸಿಕ್ಕಿತು.

ಎಂಬತ್ತಾರು ಪೊಟ್ಟಣಗಳಿಗೂ ವಿವರದ ಚೀಟಿ ಬರೆದು ಜೋಡಿಸಿ ಅವಳು ಮದ್ರಾಸಿನ ಒಬ್ಬ ಪ್ರೊಫೆಸರರಿಗೆ ಕಳಿಸಿದಳು. ದಕ್ಷಿಣ ದೇಶದ ಕಲ್ಲುಹೂವುಗಳ ದೊಡ್ಡ ಪಟ್ಟಿಯೊಂದನ್ನು ಅವರು ಅಚ್ಚಿಗೆ ಸಿದ್ಧಮಾಡುತ್ತಿದ್ದರು. ಕಾರ್ತಿಕದಲ್ಲಿ ಬೈರಮ್ಮ ಬೆಣ್ಣೆ ಅಳೆಯುತ್ತ, ತನ್ನ ಭಾವ ಚಿಕ್ಕಬೈರಪ್ಪ ಎಮ್ಮೆಬಂಡೆಗೆ ಮದ್ದಿಟ್ಟು ಒಡೆಸಿದ ಎಂದು ಸುದ್ದಿ ಹೇಳಿದಳು. “ಈಗ ಅಲ್ಲಿ ಗುಂಡಿ ಐತೆ. ಎಮ್ಮೆ ಓಗಿ ನೀರು ಉಳ್ಕೊಂತು.” ಮನೆಗಳೇಳುತ್ತಿದ್ದ ಕಾಲ, ನಮ್ಮ ಮನೆಯ ಅಡಿಪಾಯದಲ್ಲೂ ಯಾವ ಬಂಡೆ ಕೂತಿದೆಯೋ. ವಿಮಲಾ ನೋಟ್‌ಬುಕ್ಕಿನಲ್ಲಿ ಇಪ್ಪತ್ತೇಳರ ಪುಟ ತೆಗೆದು ನೋಡಿ, “ಪೊಟ್ಟಣ ಇದೆಯಲ್ಲ, ಅಷ್ಟಾದ್ರೂ ಉಳೀತು,” ಎಂದಳು.

ಡಿಸೆಂಬರಿನಲ್ಲಿ ಕಾಗದ ಬಂತು. ಅವಳು ಓದಿ, ನಮಗಾಗಿ ಕನ್ನಡದಲ್ಲಿ ಹೇಳಿದಳು. ಇಪ್ಪತ್ತೇಳನೆಯದು ಎತ್ತರದ ಬೆಟ್ಟಗಳ ಕಾಡಿನಲ್ಲಿ ಬೆಳೆಯುವ ಜಾತಿ, ಬೆಂಗಳೂರಿನ ಬಯಲು ಬಂಡೆಯ ಮೇಲೆ ಸಿಕ್ಕಿದ್ದರೆ ದೊಡ್ಡ ಸಂಗತಿ ಎಂದು ಪ್ರೊಫೆಸರರು ಬರೆದಿದ್ದರು. ಯಜಮಾನರು ಕನ್ನಡಕ ಸರಿಮಾಡಿಕೊಂಡು “ಭೇಷ್” ಎಂದರು. ವಿಮಲಾ ಕೈ ಎತ್ತಿ ತಡೆದಳು.

“ಇನ್ನೂ ಇದೆ ಅಪ್ಪ. ಅದರ ಕೆಳಗೆ ಮರದ ತೊಗಟೆಯ ಚೂರು ಅಂಟಿದೆಯಂತೆ. ನಿಮ್ಮ ಚೀಟಿಯಲ್ಲಿ ಬಂಡೆ ಅಂತಿದೆ. ಒಂದು ಚೀಟಿ ಅನುಮಾನವಾದ್ರೆ ಉಳಿದ ಎಂಬತ್ತೈದನ್ನೂ ಪಟ್ಟಿಯಿಂದ ಬಿಡಬೇಕಾಗುತ್ತೆ. ತಿಂಗಳೊಳಗೆ ವಿವರ ತಿಳಿಸಿ ಅಂತ.”

ಆ ದಿನ ಅವಳು ಊಟ ಮಾಡಲಿಲ್ಲ. ನೋಟ್‌ಬುಕ್ಕನ್ನು ಮೊದಲ ಪುಟದಿಂದ ನೋಡಿದಳು. “ನಾನೇ ಎಲ್ಲೋ ಪೊಟ್ಟಣ ಅದಲುಬದಲು ಮಾಡಿದೀನಿ. ಒಂದು ಮಾಡಿದವಳು ಇನ್ನೆಷ್ಟು ಮಾಡಿದೀನೋ. ಎಲ್ಲಾ ವಾಪಸು ತರಿಸ್ಕೊಂಡುಬಿಡ್ತೀನಿ ಅಪ್ಪ,” ಎಂದು ಅವರಿಗೆ ಹೇಳುವುದು ನನಗೆ ಕೇಳಿಸಿತು. ಅಲ್ಲಿಯವರೆಗೆ ಎಲ್ಲೂ ತಪ್ಪದ ಅವಳ ಕಣ್ಣನ್ನು ಅವಳೇ ನಂಬದ ಹಾಗೆ ನಾನು ಮಾಡಿದ್ದೆ.

ಕೈ ಒರೆಸಿಕೊಂಡು ಹೋಗಿ ಎದುರಿಗೆ ಕೂತೆ.

“ನೀನು ತಪ್ಪು ಮಾಡಿಲ್ಲ ಮಗು. ನಿನ್ನ ಇಪ್ಪತ್ತೇಳನ್ನ ನಾನು ವಾಂಗಿಭಾತ್ ಪುಡಿಗೆ ಹಾಕ್ದೆ. ಮದ್ರಾಸಿಗೆ ಹೋಗಿದ್ದು ಗಾಂಧಿಬಜಾರಿನ ಕಲ್ಲುಹೂವು.”

ಅವಳು ನೋಟ್‌ಬುಕ್ಕನ್ನು ಮುಚ್ಚಿದಳು.

“ತಿಂದ್ವಾ?” ಎಂದಳು.

“ತಿಂದ್ವಿ.”

“ನಾನು ಕಲ್ಲು ಅಂದೆನಲ್ಲ,” ಎಂದರು ಯಜಮಾನರು.

ವಿಮಲಾಗೆ ನಗು ಬಂದುಬಿಟ್ಟಿತು. ನಕ್ಕು ನಕ್ಕು, ಆಮೇಲೆ ಅದು ನಗುವಾಗಿ ಉಳಿಯಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು: “ತಿಂದಿದ್ದಕ್ಕೆ ಬೇಜಾರಿಲ್ಲ ಅಮ್ಮ. ಇಟ್ಟಿದ್ದಕ್ಕೆ ಬೇಜಾರು. ಖಾಲಿ ಪೊಟ್ಟಣ ಇಟ್ಟಿದ್ರೆ ಖಾಲಿ ಅಂತ ಬರೀತಿದ್ದೆ.”

ಅವಳು ಎದ್ದು ಪ್ರೊಫೆಸರರಿಗೆ ಬರೆಯಲು ಕೂತಳು. ಬೆಟ್ಟದ ಜಾತಿ ಸಿಕ್ಕಿತೆಂಬ ಹೆಸರು ಬೇಕಾದರೆ ಅವಳಿಗೆ ಒಂದೇ ಸಾಲು ಸಾಕಿತ್ತು: ಮರದ ಕೆಳಗಿನ ಬಂಡೆ, ತೊಗಟೆ ಉದುರಿರಬಹುದು ಎಂದು. ಬಂಡೆಯೇ ಇಲ್ಲದಿರುವಾಗ ಕೇಳುವವರು ಯಾರು? ಅವಳು ಹಾಗೆ ಬರೆಯಲಿಲ್ಲ. ಅಡುಗೆಮನೆ, ಗೂಡು, ಗುರುವಾರ, ಎಲ್ಲ ಇದ್ದ ಹಾಗೇ ಬರೆದಳು. ಇಪ್ಪತ್ತೇಳನೆಯದು ಎಮ್ಮೆಬಂಡೆಯದಲ್ಲ, ಅಂಗಡಿಯದು, ದಯವಿಟ್ಟು ತೆಗೆದುಹಾಕಿ. ನನ್ನ ಹೆಸರು ಮಾತ್ರ ಹಾಕಿರಲಿಲ್ಲ. ‘ಮನೆಯಲ್ಲಿ ಆದ ತಪ್ಪು’ ಎಂದಿದ್ದಳು. ನಾನು ಹೆತ್ತವಳು ಹೌದು. ಆದರೆ ಅಂಥ ನೇರ ನಡೆಯನ್ನು ಅವಳಿಗೆ ನಾನು ಕಲಿಸಿರಲಿಲ್ಲ. ಆ ದಿನ ಅವಳಿಂದ ನಾನು ಕಲಿತೆ.

ಪಟ್ಟಿಯಲ್ಲಿ ಆ ಸಾಲು ಖಾಲಿ ಉಳಿಯಿತು. ಬೈರಮ್ಮ ಬಂದಾಗ ಕೇಳಿದೆ: “ಎಮ್ಮೆಬಂಡೆ ಕಲ್ಲೆಲ್ಲ ಎಲ್ಲಿಗೆ ಹೋಯ್ತು?”

“ನಂಗೇನ್ ಗೊತ್ತು ಅಮ್ಮಾವ್ರೆ. ಗಾಡಿ ಮೇಲೆ ತ್ಯಾಗರಾಜನಗರಕ್ಕೆ ಓಯ್ತಂತೆ. ಯಾರೋ ವಕೀಲ್ರ ಮನೆಗಂತೆ. ನಮ್ ಭಾವ ಅಂದ.”

ಮಾರನೆಯ ದಿನ ಮಧ್ಯಾಹ್ನದ ಪಾತ್ರೆ ತೊಳೆದು, ದೋಸೆಗೆ ಅಕ್ಕಿ ನೆನೆಸಿಟ್ಟು, ಕೊಡೆ, ಚಿಕ್ಕ ಚಾಕು, ವಿಮಲಾಳ ಸೀಸೆ ತೆಗೆದುಕೊಂಡು ಹೊರಟೆ. ತ್ಯಾಗರಾಜನಗರದಲ್ಲಿ ಆಗ ಬೀದಿಗೆರಡು ಮನೆ ಏಳುತ್ತಿದ್ದವು. ಮೂರು ರಾಶಿ ನೋಡಿದೆ. ಎಲ್ಲ ಉಳಿಯೇಟು ತಿಂದ ಬಿಳಿಯ ಮುಖಗಳು. ನಾಲ್ಕನೆಯದು ವಕೀಲರ ಸೈಟು. ಅಡಿಪಾಯ ತುಂಬುತ್ತಿದ್ದರು. ನಾನು ರಾಶಿಯ ಸುತ್ತ ಬಗ್ಗಿ ನೋಡುವುದನ್ನು ಮೇಸ್ತ್ರಿ ವೆಂಕಟಾಚಲ ಸ್ವಲ್ಪ ಹೊತ್ತು ಗಮನಿಸಿದ.

“ಏನಮ್ಮ, ವಕೀಲ್ರು ಕಲ್ಲು ಎಣಿಸ್ಕೊಂಡು ಬಾ ಅಂದ್ರಾ?”

“ನಾನು ಅವರ ಕಡೆಯವಳಲ್ಲಪ್ಪ. ಕಲ್ಲುಹೂವು ಹುಡುಕ್ತಿದೀನಿ.”

“ಅಂಗಡೀಲಿ ಸಿಗಲ್ವಾ?”

“ಸಿಗತ್ತೆ. ಅದೇ ತೊಂದರೆ ಆಗಿದ್ದು.”

ರಾಶಿಯ ಹಿಂದೆ, ನೆಲಕ್ಕೆ ಒರಗಿದ ಒಂದು ಒರಟುಗಲ್ಲು. ಒಂದು ಮುಖಕ್ಕೆ ಉಳಿ ತಾಗಿರಲಿಲ್ಲ. ಅದರ ಮೇಲೆ ಬೂದಿ ಬಣ್ಣದ ಎಲೆ, ಅಂಗೈಯಷ್ಟು, ಅಂಚು ಮಾತ್ರ ಮುರಿದಿತ್ತು. ನಾನು ಮಂಡಿಯೂರಿದೆ. ಒಂದು ಉಗುರಿನಷ್ಟು ಜಾಗದಲ್ಲಿ ಚಾಕುವಿನ ತುದಿಯಿಂದ ಮೇಲ್ಸಿಪ್ಪೆ ಕೆರೆದೆ. ಬಿಳಿ ಕಂಡಿತು. ಸೀಸೆ ಬಗ್ಗಿಸಿ ಒಂದು ಹನಿ ಬಿಟ್ಟೆ.

ಒದ್ದೆ ಹಣೆಗೆ ಕುಂಕುಮ ಇಟ್ಟ ಹಾಗೆ ಕೆಂಪಾಯಿತು.

ಕಿತ್ತುಕೊಂಡು ಓಡೋಣವೆನ್ನಿಸಿತು. ಕೈ ಹಿಂದೆ ತೆಗೆದುಕೊಂಡೆ. ಒಂದು ಸಲ ಅವಳ ವಸ್ತು ಮುಟ್ಟಿ ಆಗಿತ್ತು.

“ಮೇಸ್ತ್ರಿ, ಇದೊಂದು ಕಲ್ಲು ನಾಳೆ ಸಂಜೆವರೆಗೂ ಹಾಗೇ ಬಿಡ್ತೀರಾ? ನನ್ನ ಮಗಳು ನೋಡ್ಬೇಕು.”

“ಕಲ್ಲನ್ನಾ?”

“ಹೂ ಬಿಟ್ಟಿದೆ.”

ಅವನು ನನ್ನನ್ನೊಮ್ಮೆ, ಕಲ್ಲನ್ನೊಮ್ಮೆ ನೋಡಿ, ಆಳುಗಳಿಗೆ ಕೂಗಿ ಹೇಳಿದ: “ಲೇ, ಅದನ್ನ ಮುಟ್ಬೇಡ್ರೋ. ಅಮ್ಮಾವ್ರ ಹೂವಿನ ಗಿಡವಂತೆ.”

ವಿಮಲಾ ಮಾರನೆಯ ದಿನ ಬಂದಳು. ಮೊದಲು ಕಲ್ಲುಹೂವನ್ನು ನೋಡಲಿಲ್ಲ. ಮೇಸ್ತ್ರಿಯನ್ನು ಕೇಳಿದಳು: ಕಲ್ಲು ಎಲ್ಲಿಂದ ಬಂತು? ಬನಶಂಕರಿ ಕಡೆಯಿಂದ. ಯಾವ ಬಂಡೆ? ಗಾಡಿಯವನಿಗೆ ಗೊತ್ತು. ಗಾಡಿಯವನು ಯಾರು? ಊರಿಗೆ ಹೋಗಿದ್ದಾನೆ. ಹಳ್ಳಿಗೆ ಹೋಗಿ ಬೈರಮ್ಮನನ್ನು ಕೇಳಿದಳು, ಅವಳು ಭಾವನ ಮಾತು ಹೇಳಿದಳು. ಆ ಭಾವ ಬೇರೆ ಬಂಡೆಗಳನ್ನೂ ಒಡೆಸುತ್ತಿದ್ದ. ವಿಮಲಾ ಕೇಳಿದರೆ, ಯಾವ ಗಾಡಿಗೆ ಯಾವುದು ಹೇರಿಸಿದೆನೆಂದು ಆಣೆ ಮಾಡಿ ಹೇಳಲಾರೆ ಎಂದ. ಆಮೇಲೆ ಅವಳು ಸೈಟಿಗೆ ವಾಪಸು ಬಂದು ಕೂತು, ಉಳಿ ಹಿಡಿದು, ಕಲ್ಲಿನ ಚೂರಿನ ಸಮೇತ ಎಬ್ಬಿಸಿದಳು.

ಮನೆಗೆ ಬಂದು ಚೀಟಿ ಬರೆಯಲು ಕೂತವಳು ಪೆನ್ನು ಕಚ್ಚಿಕೊಂಡಳು.

“ಎಮ್ಮೆಬಂಡೆ ಅಂತ ಬರಿ,” ಎಂದರು ಯಜಮಾನರು. “ನಿಮ್ಮಮ್ಮ ನೋಡಿದ್ದು ಅದೇ ಥರ ಇದೆ ಅಂತಾಳೆ. ಅಂತೆ ಕಂತೆ ಬರೆದ್ರೆ ಯಾರು ನಂಬ್ತಾರೆ?”

“ಅಂತೆ ಬರೀದಿದ್ರೆ ಸುಳ್ಳಾಗತ್ತೆ ಅಪ್ಪ. ಬೈರಮ್ಮ ಆವತ್ತೇ ಸರಿಯಾಗಿ ಹೇಳಿದ್ಲು. ತನಗೆ ಎಷ್ಟು ಗೊತ್ತೋ ಅಷ್ಟೇ ಹೇಳಿದ್ಲು. ನಾನೇ ದಡ್ಡಿ, ಬೇಡ ಅಂದೆ. ಅಂತೆ ಅನ್ನೋದನ್ನ ಇಂಗ್ಲಿಷಿನಲ್ಲಿ ಹೇಗೆ ಬರೀಲಿ, ಹೇಳಿ.”

ಕನ್ನಡ ಮೇಷ್ಟರು ಆ ಸಂಜೆ ಅವಳ ಪಕ್ಕದಲ್ಲಿ ಕೂತು ನಾಲ್ಕು ಥರ ಬರೆಸಿ ಮೂರನ್ನು ಹೊಡೆದುಹಾಕಿಸಿದರು. ಕೊನೆಗೆ ನಿಂತದ್ದನ್ನು ನನಗೆ ಓದಿ ಹೇಳಿದಳು. ‘ತ್ಯಾಗರಾಜನಗರ, ಮನೆ ಕಟ್ಟುವ ಜಾಗದ ಕಲ್ಲುರಾಶಿ. ಕಲ್ಲು ಬನಶಂಕರಿಯ ಎಮ್ಮೆಬಂಡೆಯದಂತೆ, ಹೇಳಿದವರು ಬೈರಮ್ಮ. ಕಂಡು ಪರೀಕ್ಷಿಸಿದವರು ಸೀತಾಲಕ್ಷ್ಮಿ.’

ಸೀತಾಲಕ್ಷ್ಮಿ ಎಂದರೆ ನಾನು. ದೋಸೆ ಹಂಚಿನ ಮೇಲಿತ್ತು, ಒಂದು ಸೀದುಹೋಯಿತು.

ಖಾಲಿಯಿದ್ದ 27ರ ನಂಬರನ್ನೇ ಹಾಕಿ ಅವಳು ಆ ಪೊಟ್ಟಣವನ್ನು ಮದ್ರಾಸಿಗೆ ಕಳಿಸಿದಳು. ಪ್ರೊಫೆಸರರ ಪಟ್ಟಿ ಮುಂದಿನ ಯುಗಾದಿಯ ಹೊತ್ತಿಗೆ ಅಚ್ಚಾಗಿ ಬಂತು. ವಿಮಲಾಳ ಎಂಬತ್ತಾರೂ ಇದ್ದವು. ಅವಳ ಕಾಗದ ಓದಿದ ಮೇಲೆ ಉಳಿದ ಯಾವ ಚೀಟಿಯನ್ನೂ ತಾನು ಅನುಮಾನಿಸಲಿಲ್ಲ ಎಂದು ಅವರು ಜೊತೆಗೊಂದು ಸಾಲು ಬರೆದಿದ್ದರು. ಇಪ್ಪತ್ತೇಳರ ಮುಂದೆ, ಊರಿನ ಸುತ್ತ ಎಲ್ಲ ಕಡೆ ಸಿಗುವ ಸಾಧಾರಣ ಜಾತಿ ಎಂದಿತ್ತು, ಕೆಳಗೆ ಸಣ್ಣಕ್ಷರದಲ್ಲಿ ಅವಳ ಚೀಟಿಯ ಮಾತುಗಳು. ಬೆಟ್ಟದ ಜಾತಿ ಹೋಯಿತಲ್ಲ ಎಂದು ನಾನು ಅವಳ ಮುಖ ನೋಡಿದೆ. ಅವಳು ಆ ‘ಸಾಧಾರಣ’ದ ಮೇಲೆ ಬೆರಳಾಡಿಸಿ, ಕಾಲೇಜಿಗೆ ಹೊತ್ತಾಯಿತೆಂದು ಪುಸ್ತಕವನ್ನು ನನ್ನ ಕೈಗೆ ಕೊಟ್ಟು ಹೋದಳು.

ಬೆಣ್ಣೆ ತಂದ ಬೈರಮ್ಮನಿಗೆ ಆ ಪುಟ ಬಿಡಿಸಿ ಸಣ್ಣಕ್ಷರದ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದೆ. ಅವಳು ಕೈಯ ಜಿಡ್ಡನ್ನು ಸೆರಗಿಗೆ ಒರೆಸಿಕೊಂಡು ಬಗ್ಗಿ ನೋಡಿದಳು. ಅವಳಿಗೆ ಓದು ಬರದು, ಅಕ್ಷರವೂ ಇಂಗ್ಲಿಷಿನದು.

“ಇದ್ರಾಗೆ ನನ್ ಎಸ್ರು ಐತಂತಾ?”

“ಅಂತೆ ಅಲ್ಲ ಬೈರಮ್ಮ,” ಎಂದೆ. “ಇದೆ.”